ಇಪ್ಪತ್ತನಾಲ್ಕು ಕೈಗಳ ಭಾವ

ರಾವಣನಿಗೆ ಇದ್ದದ್ದು ಬರೀ ಇಪ್ಪತ್ತು ಕೈ. ನಮ್ಮ ಅಕ್ಕನ ಗಂಡನಿಗೆ ಇಪ್ಪತ್ತನಾಲ್ಕು! ಎಲ್ಲವೂ ಲೋಹದವು, ಕೊಚ್ಚಿಯ ಲ್ಯಾಬಿನಲ್ಲಿವೆ. ಭಾವ ಮೆಕ್ಯಾನಿಕಲ್ ಇಂಜಿನಿಯರ್. ಕಾರ್ಖಾನೆಯಲ್ಲಿ ಮನುಷ್ಯರ ಪಕ್ಕ ನಿಂತು ದುಡಿಯುವ ರೋಬೋಗಳ ಬಗ್ಗೆ ಸಂಶೋಧನೆ ಮಾಡುವವರು. ಅಷ್ಟು ಕೈಗಳ ಒಡೆಯನಿಗೆ ಒಂದು ತೆಂಗಿನಕಾಯಿ ಸುಲಿಯಲು ಮಾತ್ರ ನಾನೇ ಬೇಕು.

ಬೋವಿಕಾನದ ನಮ್ಮ ನೆರೆಮನೆಯವರು ಒಮ್ಮೆ ಕೆಟ್ಟ ಮಿಕ್ಸಿ ತಂದುಕೊಟ್ಟರು. ಭಾವ ಎರಡು ದಿನ ಅದರ ಮುಂದೆ ತಪಸ್ಸಿಗೆ ಕೂತರು. ಮೂರನೆಯ ದಿನ, ಮಿಕ್ಸಿ ಯಾಕೆ ಅದುರುತ್ತದೆ ಎಂದು ನಾಲ್ಕು ಪುಟದ ವರದಿ ಬರೆದುಕೊಟ್ಟರು. ಮಿಕ್ಸಿ? ಅದು ಈಗಲೂ ಅದುರುತ್ತದೆ! ನೆರೆಮನೆಯವರು ವರದಿಯನ್ನು ಮಡಚಿ ಅದರ ಅಡಿಗೆ ಇಟ್ಟಿದ್ದಾರೆ. ಅದುರುವುದು ಸ್ವಲ್ಪ ಕಡಿಮೆಯಾಗಿದೆಯಂತೆ.

ಈ ಸಲ ಓಣಂ ರಜೆಗೆ ಬಂದ ಭಾವ ಅಮ್ಮನ ಅಡುಗೆಮನೆಗೇ ನುಗ್ಗಿದರು. ಅದೂ ಒಂದು ಕಾರ್ಖಾನೆಯಂತೆ! ಅಮ್ಮನ ಎರಡೂ ಮಣಿಕಟ್ಟಿಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ, ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮೂರು ದಿನ ಫೋನಿನಲ್ಲಿ ದಾಖಲಿಸಿದರು. ಅಮ್ಮನಿಗೆ ಒಳಗೊಳಗೇ ಖುಷಿ. ಅವಳ ಸಾರು ಉಂಡವರು ಬಹಳ. ಸಾರು ಮಾಡುವುದನ್ನು ಕೂತು ನೋಡಿದವರು ಯಾರಿದ್ದಾರೆ?

ನಾಲ್ಕನೆಯ ದಿನ ಅಮ್ಮ ಎಡನೀರಿಗೆ ತಾಳಮದ್ದಳೆ ಕೇಳಲು ಹೋದಳು. ಬರುವಷ್ಟರಲ್ಲಿ ಭಾವ ಅಡುಗೆಮನೆಯನ್ನೇ ಬುಡಮೇಲು ಮಾಡಿದ್ದರು! ಮೇಲಿನ ಹಲಗೆಯಲ್ಲಿದ್ದ ಉಪ್ಪಿನ ಭರಣಿ, ಹುಣಸೆ, ಮೆಣಸು ಎಲ್ಲವೂ ಕೆಳಗೆ. ಅಮ್ಮನಿಗೋ ಅಡುಗೆಮನೆಯೆಂದರೆ ಜೀವ. ಹಿಂದೊಮ್ಮೆ ಅಡುಗೆಗೆ ಕೆಲಸದವರನ್ನು ಇಡೋಣ ಎಂದ ಅಕ್ಕನ ಹತ್ತಿರ ವಾರವಿಡೀ ಮಾತು ಬಿಟ್ಟಿದ್ದವಳು.

"ಇದು ನನ್ನ ಅಡುಗೆಮನೆ. ಮೊದಲು ಹೇಗಿತ್ತೋ ಹಾಗೇ ಇಡಿ," ಎಂದಳು. ಅಕ್ಕ ಭಾವನಿಗೆ ಚೆನ್ನಾಗಿ ಬೈದಳು. ನಾನೂ ಎರಡು ಮಾತು ಸೇರಿಸಿ, ಭರಣಿಯನ್ನೆತ್ತಿ ಮೇಲಿಡಲು ಹೊರಟೆ.

ಭಾವ ನನ್ನ ಕೈ ಹಿಡಿದರು. "ಮೇಲೆ ಇಡಬೇಡ ಮಾರಾಯ. ಮೂರು ದಿನದಲ್ಲಿ ಮಾಮಿಯ ಬಲಗೈ ಒಂದು ಸಲವೂ ಹೆಗಲಿಂದ ಮೇಲೆ ಹೋಗಲಿಲ್ಲ. ಮೇಲಿನದ್ದೆಲ್ಲ ಎಡಗೈಯಲ್ಲೇ ತೆಗೆಯುವುದು."

ಅಮ್ಮ ಬಲಹೆಗಲನ್ನು ಸವರಿಕೊಂಡಳು. ಆಮೇಲೆ ಮೆಲ್ಲ ಹೇಳಿದಳು, "ಮಳೆಗಾಲ ಸುರುವಾದಲ್ಲಿಂದ ನೋವುಂಟು. ಹೇಳಿದರೆ ನೀವೆಲ್ಲ ಅಡುಗೆ ಬಿಡು ಅಂತೀರಿ."

"ಬಿಡ್ಲಿಕ್ಕೆ ಯಾರು ಹೇಳಿದ್ದು ಮಾಮಿ? ನಾಳೆ ಡಾಕ್ಟರ ಹತ್ತಿರ ಹೋಗುವ. ಅಷ್ಟರವರೆಗೆ ಎಲ್ಲ ಕೈಗೆ ಸಿಗುವ ಹಾಗೆ ಇರಲಿ," ಎಂದರು ಭಾವ.

ದಿನಕ್ಕೆ ಮೂರು ಹೊತ್ತು ಆ ಕೈಯ ಅಡುಗೆ ಉಣ್ಣುವ ಮಗ ನಾನು. ನನಗೆ ಕಂಡಿರಲಿಲ್ಲ. ನಾಚಿಕೆಯಾಯಿತು. ಭರಣಿಯನ್ನು ಭಾವ ಇಟ್ಟಲ್ಲೇ ಇಟ್ಟೆ.

ಮರುದಿನ ಡಾಕ್ಟರಲ್ಲಿಗೆ ಹೋಗಿ ಬಂದ ಮೇಲೆ ಅಮ್ಮ ಬಂಗುಡೆ ಮೀನಿನ ಸಾರು ಮಾಡಿದಳು. ದೊಡ್ಡ ತುಂಡನ್ನು ಭಾವನಿಗೆ ಬಡಿಸಿದಳು. ಮೂವತ್ತು ವರ್ಷದಿಂದ ಅದು ನನ್ನ ಪಾಲಿನದು! ಎಂತ ಮಾಡುವುದು, ಸಣ್ಣ ತುಂಡು ತಿಂದೆ.