ಒಸಡಿನ ಬಣ್ಣದ ಸೈನ್ಯ

ಸಾಗರ ಪೇಟೆಯಲ್ಲಿ ಒಂದು ಸೈನ್ಯವಿದೆ. ಅದು ಈವರೆಗೆ ಒಂದು ಯುದ್ಧವನ್ನೂ ನೆಟ್ಟಗೆ ಗೆದ್ದಿಲ್ಲ. ಹಾಗೆಂದು ಒಂದನ್ನೂ ಸೋತಿಲ್ಲ. ಸೋಲಬೇಕಾದರೆ ಅದರ ಒಡತಿ ಒಪ್ಪಬೇಕಲ್ಲ! ಅವಳು ಒಪ್ಪುವುದಿಲ್ಲ. ಮೈದಾನದ ತುಂಬ ಅವಳ ಸೈನಿಕರು ಅಂಗಾತ ಬಿದ್ದಿದ್ದರೂ ಒಪ್ಪುವುದಿಲ್ಲ. ಈ ಮಹಾತಾಯಿ ನನ್ನ ಗೆಳತಿ ಎಂದು ಹೇಳಿಕೊಳ್ಳಲು ನನಗೆ ಸಂಕೋಚ. ಅದಕ್ಕೇ ಹೆಸರು ಹೇಳುತ್ತಿಲ್ಲ.

ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ ಆಡುವ ಯುದ್ಧ ಇದು. ಚದುರಂಗದ ಹಾಗೆ ಮನೆಗಳಿಲ್ಲ. ಟೇಪು ಹಿಡಿದು ಅಳೆದು ನಡೆಸಬೇಕು. ಒಂದು ಸರದಿಗೆ ಒಬ್ಬ ಸೈನಿಕ ಆರು ಇಂಚು ನಡೆಯಬಹುದು. ಎದುರಾಳಿ ಹತ್ತಿರ ಸಿಕ್ಕರೆ ದಾಳ ಹಾಕಿ ಹೊಡೆಯಬೇಕು. ಪೆಟ್ಟು ಬಿದ್ದವನನ್ನು ಮೇಜಿನಿಂದ ತೆಗೆಯಬೇಕು. ಸೇನಾಧಿಪತಿ ಬಿದ್ದರೆ ಆಟ ಮುಗಿಯಿತು. ಇಷ್ಟೇ. ಇಷ್ಟನ್ನು ಪಾಲಿಸುವುದು ಅಷ್ಟು ಕಷ್ಟವೇ?

ಶಿವಮೊಗ್ಗದ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಮೊಬೈಲಿನಲ್ಲಿ ಯಾರೋ ಈ ಆಟ ಆಡುವುದನ್ನು ನೋಡಿ ಮರುಳಾದೆವು. ಆ ಪುಟ್ಟ ಸೈನಿಕರ ಬೆಲೆ ನೋಡಿದ ಮೇಲೆ ಮರುಳು ಅರ್ಧ ಇಳಿಯಿತು. ನಾನು ಆಟಿಕೆ ಅಂಗಡಿಯಿಂದ ಹಸಿರು ಪ್ಲಾಸ್ಟಿಕ್ ಸೈನಿಕರ ಒಂದು ಪೊಟ್ಟಣ ತಂದೆ. ಅವಳು ತನ್ನ ಸೈನ್ಯವನ್ನು ತಾನೇ ಎರಕ ಹೊಯ್ದುಕೊಂಡಳು. ಯಾವುದರಲ್ಲಿ ಎಂದು ಕೇಳಿ. ಆಗ ಅವಳು ಕಲಿಯುತ್ತಿದ್ದದ್ದು ಹಲ್ಲು ಸೆಟ್ ತಯಾರಿಸುವ ವಿದ್ಯೆ. ಈಗ ಸಾಗರದ ಒಂದು ಓಣಿಯಲ್ಲಿ ಅವಳದೇ ಸಣ್ಣ ಲ್ಯಾಬು ಇದೆ. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಇವಳು ಹಲ್ಲು ಮಾಡಿ ಕೊಡುತ್ತಾಳೆ. ಉಳಿದ ಸಾಮಗ್ರಿಯಲ್ಲಿ ಸೈನಿಕರು ಹುಟ್ಟುತ್ತಾರೆ. ಹಾಗಾಗಿ ಅವಳ ಸೈನ್ಯ ಅಪ್ಪಟ ಒಸಡಿನ ಬಣ್ಣದ್ದು. ಗುಲಾಬಿ ಮೈ, ಹಲ್ಲಿನ ಬಿಳುಪಿನ ಶಿರಸ್ತ್ರಾಣ. ಸಾಲಾಗಿ ನಿಂತರೆ ಯಾರೋ ಬಾಯಿ ಬಿಟ್ಟು ನಕ್ಕ ಹಾಗೆ ಕಾಣುತ್ತದೆ. ನಗುತ್ತಿರುವ ಸೈನ್ಯದ ಮೇಲೆ ಹೇಗೆ ದಾಳಿ ಮಾಡುವುದು, ನೀವೇ ಹೇಳಿ!

ಭಾನುವಾರ ಲ್ಯಾಬಿನ ಮೇಜೇ ನಮ್ಮ ರಣರಂಗ. ಬೆಟ್ಟ, ಕೋಟೆ, ಕಂದಕಗಳೆಲ್ಲ ಬಾಯಿಯ ಅಳತೆಗೆ ಎರೆದ ಪ್ಲಾಸ್ಟರಿನ ದವಡೆಗಳು. ಯಾರದೋ ಕೆಳದವಡೆ ನಮ್ಮ ಮುಖ್ಯ ಕೋಟೆ. ಮುಂದಿನ ಹಲ್ಲುಗಳ ನಡುವೆ ಒಬ್ಬ ಸೈನಿಕ ಅಡ್ಡಡ್ಡ ನುಗ್ಗುವಷ್ಟು ಸಂದು. ಅದೇ ಹೆಬ್ಬಾಗಿಲು. ಯಾರ ದವಡೆ ಎಂದು ಅವಳು ಎಂದೂ ಹೇಳಿದವಳಲ್ಲ. ಪರರ ಬಾಯಿಯ ವಿಷಯ ನಮಗ್ಯಾಕೆ ಎಂದು ನಾನೂ ಕೇಳಿದವಳಲ್ಲ. ಆದರೆ ಮೇಳಿಗೆಯಲ್ಲಿ ನಮ್ಮ ಸಂಬಂಧಿಕರ ಮದುವೆಗೆ ಅವಳನ್ನು ಕರೆದುಕೊಂಡು ಹೋಗಿದ್ದಾಗ ಏನಾಯಿತು? ಊಟದ ಪಂಕ್ತಿಯಲ್ಲಿ ನಮ್ಮೆದುರು ಒಬ್ಬ ಹಿರಿಯರು ಬಂದು ಕೂತರು. ಬಡಿಸುವವರ ಮಾತಿಗೆ ಜೋರಾಗಿ ನಕ್ಕರು. ಆ ಸಂದು! ನನ್ನ ಇಬ್ಬರು ಸೈನಿಕರು ಪ್ರಾಣ ಬಿಟ್ಟ ಜಾಗ! ನಾನು ತಲೆ ತಗ್ಗಿಸಿ ಕೋಸಂಬರಿಯನ್ನೇ ನೋಡುತ್ತ ಕೂತೆ. ಇವಳು ನನ್ನ ಕಿವಿಯ ಹತ್ತಿರ ಬಗ್ಗಿ, “ಕೋಟೆ ಹೋಳಿಗೆ ತಿಂತಾ ಇದೆ ನೋಡೇ” ಎಂದಳು. ನನಗೆ ನೆತ್ತಿಗೇರಿದ ನೀರು ಇಳಿಯುವಷ್ಟರಲ್ಲಿ ಪಂಕ್ತಿಯೇ ಎದ್ದಿತ್ತು. ಆ ಹಿರಿಯರು ಪಾಪ, “ನಿಧಾನ ಕುಡಿ ಮಗಾ” ಎಂದು ನನಗೇ ಬುದ್ಧಿ ಹೇಳಿ ಹೋದರು.

ಇನ್ನು ಅಳತೆ. ನಾನು ಹೊಸನಗರದಲ್ಲಿ ಸರ್ವೆ ಕಚೇರಿಯಲ್ಲಿ ಕೆಲಸ ಮಾಡುವವಳು. ಜಮೀನು ಅಳೆಯುವುದು ನನ್ನ ಅನ್ನ. ಬೇಲಿಯ ನೆರಳು ಬಿದ್ದಷ್ಟೂ ತನ್ನದೇ ಎಂದು ವಾದಿಸುವವರನ್ನು ನೋಡಿದ್ದೇನೆ. ಗಡಿಕಲ್ಲು ಮಳೆಗೆ ತಾನಾಗಿ ಸರಿಯಿತು, ಅದೂ ಪಕ್ಕದವನ ಗದ್ದೆಯ ಕಡೆಗೇ ಸರಿಯಿತು ಎಂದು ಆಣೆ ಹಾಕುವವರನ್ನೂ ನೋಡಿದ್ದೇನೆ. ಅವರ ಮುಂದೆ ನಾನು ದನಿ ಎತ್ತಿದವಳಲ್ಲ. ಕಚೇರಿಯಲ್ಲಿ ನನ್ನನ್ನು ಮಾತೇ ಬಾರದವಳು ಎಂದುಕೊಂಡಿದ್ದಾರೆ. ಭಾನುವಾರ ಬಂತೆಂದರೆ ಮಾತ್ರ ನನ್ನ ದನಿ ಓಣಿಯ ತುದಿಗೆ ಕೇಳುತ್ತದಂತೆ! ಕಾರಣ ಇದು:

“ಎಲ್ಲಿಂದ ಅಳೀತಿದೀಯ?”

“ಭರ್ಜಿ ತುದಿಯಿಂದ.”

“ಪಾದದಿಂದ ಅಳೀಬೇಕು.”

“ಭರ್ಜಿ ಅವನದ್ದೇ ಅಲ್ದನೇ? ಪಕ್ಕದ ಮನೆಯವ್ರದ್ದಾ?”

“ಆರು ಇಂಚು ಅಂದ್ರೆ ಆರು ಇಂಚು!”

“ನಿನ್ನ ಇಂಚು ದಪ್ಪ ಮಾರಾಯ್ತಿ. ನಂದೆಲ್ಲ ಮಿಲಿಮೀಟರ್ ಲೆಕ್ಕ. ಇಂಚಲ್ಲಿ ಹಲ್ಲು ಮಾಡಿದ್ರೆ ಸಾಗರದೋರೆಲ್ಲ ಆನೆ ಆಗ್ತಿದ್ರು.”

ಕೂದಲೆಳೆಯಷ್ಟು ಎತ್ತರ ತಪ್ಪಿದರೂ ಹಲ್ಲು ಕಚ್ಚುವುದಿಲ್ಲ ಎಂದು ಇಡೀ ದಿನ ಉಜ್ಜುತ್ತ ಕೂರುವ ಹೆಂಗಸು ಇವಳು! ಅಂಥ ಕೈ ಸೈನಿಕನನ್ನು ಹಿಡಿದ ಕೂಡಲೇ ಹೇಗೆ ಕುರುಡಾಗುತ್ತದೆ? ಇದು ಅಜ್ಞಾನವಲ್ಲ, ಶುದ್ಧ ಅನ್ಯಾಯ.

ಅನ್ಯಾಯದ ಶಿಖರ ಬೇರೆಯೇ ಇದೆ. ಒಮ್ಮೆ ಅವಳ ಸೇನಾಧಿಪತಿ ಕಾಣೆಯಾದ. ಜೋಗದಲ್ಲಿರುವ ಒಬ್ಬರು ಅಜ್ಜಿಗೆ ಹಲ್ಲು ಸೆಟ್ ಕಳಿಸುವಾಗ ಡಬ್ಬಿಯಲ್ಲಿ ಅವನೂ ಹೋಗಿಬಿಟ್ಟಿದ್ದ. ನಾಲ್ಕು ದಿನಕ್ಕೆ ಅಜ್ಜಿಯ ಫೋನು ಬಂತು. ನಾನು ಎದುರಿಗೇ ಇದ್ದೆ.

“ಹಲ್ಲು ಚಲೋ ಕೂತಿದೆ ಕಣಮ್ಮಾ. ಜೊತೆಗೆ ಕಳ್ಸಿದ್ಯಲ್ಲ, ಅದು ಯಾವ ದೇವ್ರು?”

ನನ್ನ ಗೆಳತಿ ಒಂದು ಕ್ಷಣವೂ ತಡವರಿಸದೆ, “ಹಲ್ಲು ಕಾಯೋ ದೇವ್ರು ಅಜ್ಜಿ” ಎಂದಳು.

“ಅದ್ಕೇ ನೋಡು, ನೋವೇ ಇಲ್ಲ. ದೇವ್ರ ಗೂಡಲ್ಲಿ ಇಟ್ಟಿದೀನಿ. ದಿನಾ ಒಂದು ಹೂವು.”

ಫೋನಿಟ್ಟ ಮೇಲೆ ನಾನು, “ಕೇಳಿ ವಾಪಸ್ ತರಿಸು” ಎಂದೆ. “ದೇವ್ರ ಗೂಡಲ್ಲಿ ಇರೋನನ್ನ ಹೆಂಗೆ ಕೇಳೋದೇ?” ಎಂದಳು. ಸರಿ, ಹೊಸಬನನ್ನು ಮಾಡು ಎಂದೆ. “ಸೇನಾಧಿಪತಿ ಬದುಕಿರೋವಾಗ ಇನ್ನೊಬ್ಬನನ್ನ ಕೂರಿಸೋದಾ? ಅದು ದ್ರೋಹ” ಎಂದಳು. ಇದರ ಪರಿಣಾಮ ನಿಮಗೆ ಹೊಳೆಯಿತೇ? ಸೇನಾಧಿಪತಿ ಬಿದ್ದರೆ ಮಾತ್ರ ಆಟ ಮುಗಿಯುವುದು. ಅವಳ ಸೇನಾಧಿಪತಿ ಜೋಗದಲ್ಲಿ ಹೂವು ಮುಡಿದು ಕೂತಿದ್ದಾನೆ! ಅವನನ್ನು ಹೊಡೆಯಬೇಕಾದರೆ ನನ್ನ ಹಸಿರು ಸೈನಿಕರು ಸರದಿಗೆ ಆರು ಇಂಚಿನಂತೆ ತಾಳಗುಪ್ಪ ದಾಟಿ ಹೋಗಬೇಕು. ಆ ಒಂದು ಮಳೆಗಾಲ ಪೂರ್ತಿ ನಾನು ಸೋಲಿಸಲಾಗದ ಸೈನ್ಯದ ವಿರುದ್ಧ ಆಡಿದೆ.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವಳ ಡೋಲಿ. ಬಿದ್ದವರನ್ನು ಮೇಜಿನಿಂದ ತೆಗೆಯಬೇಕು ಎಂದೆನಲ್ಲ, ಅವಳು ತೆಗೆಯಲು ಬಿಡುವುದಿಲ್ಲ. “ಬಿದ್ದೋರನ್ನ ಅಲ್ಲೇ ಬಿಟ್ಟು ಬರೋದಾ? ಥೂ! ಎಂತ ಜನ ನೀನು!” ಎಂದು ಹಲ್ಲಿನ ತಂತಿಗೆ ಹತ್ತಿಬಟ್ಟೆ ಬಿಗಿದು ಒಂದು ಪುಟ್ಟ ಡೋಲಿ ಮಾಡಿಟ್ಟಿದ್ದಾಳೆ. ಇಬ್ಬರು ಸೈನಿಕರು ಯುದ್ಧ ಬಿಟ್ಟು ಬಂದು ಗಾಯಾಳುವನ್ನು ಡೋಲಿಯಲ್ಲಿ ಹೊತ್ತು ಹಿಂದಕ್ಕೆ ಒಯ್ಯಬೇಕು. ಹೊತ್ತವರನ್ನು ಯಾರೂ ಹೊಡೆಯುವಂತಿಲ್ಲ. ಅದಕ್ಕೆ ಪ್ರತಿಯಾಗಿ ಅವರು ಅರ್ಧ ವೇಗದಲ್ಲಿ, ಅಂದರೆ ಮೂರೇ ಇಂಚು ನಡೆಯಬೇಕು. ಈ ನಿಯಮ ಮಾಡಿದವಳೂ ಅವಳೇ, ಮುರಿಯುವವಳೂ ಅವಳೇ. ಮೂರು ಎಂದು ಹೇಳಿ ಐದು ಓಡಿಸುತ್ತಾಳೆ. ನಾನು ಟೇಪು ಹಿಡಿದು ಎಷ್ಟು ಕೂಗಿದರೂ, “ಇಳಿಜಾರು ಕಣೆ” ಎನ್ನುತ್ತಾಳೆ. ಮೇಜಿನ ಮೇಲೆ ಎಲ್ಲಿಯ ಇಳಿಜಾರು!

ಸಾಲದ್ದಕ್ಕೆ ನನ್ನ ಸೈನಿಕರನ್ನೂ ಹೊರುತ್ತಾಳೆ! ಗೆಲ್ಲುವ ಸ್ಥಿತಿಯಲ್ಲಿರುವಾಗಲೂ ದಾಳಿ ನಿಲ್ಲಿಸಿ, ತಾನೇ ಹೊಡೆದುಹಾಕಿದ ನನ್ನ ಹಸಿರು ಬಡಪಾಯಿಯನ್ನು ಹೊತ್ತುಕೊಂಡು ಹೋಗುತ್ತಾಳೆ. ಅಷ್ಟರಲ್ಲಿ ನಾನು ಅವಳ ಅರ್ಧ ಸೈನ್ಯ ಮುಗಿಸಿರುತ್ತೇನೆ. ಕೊನೆಗೆ ಖಾಲಿ ಮೈದಾನ ತೋರಿಸಿ, “ನೋಡು, ಒಬ್ರೂ ಇಲ್ಲಿ ಬಿದ್ದಿಲ್ಲ. ಹಂಗಾರೆ ಸೋತಿದ್ದು ಯಾರು?” ಎಂದು ಕೇಳುತ್ತಾಳೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಊರಿನವರ ಬಾಯಿಗೆಲ್ಲ ಹಲ್ಲು ಕೂರಿಸುವ ಈ ಹೆಂಗಸಿನ ಬಾಯಿಂದ ‘ಸೋತೆ’ ಎಂಬ ಒಂದೇ ಒಂದು ಮಾತು. ಅದಕ್ಕಾಗಿ ವರ್ಷಗಟ್ಟಲೆ ಭಾನುವಾರದ ನಿದ್ದೆ ಬಿಟ್ಟು ಹೊಸನಗರದಿಂದ ಬಸ್ಸು ಹತ್ತಿದ್ದೇನೆ.

ಕಳೆದ ದೀಪಾವಳಿಯ ನಂತರ ಖಡಾಖಂಡಿತವಾಗಿ ಹೇಳಿದೆ: ಮೇಜಿನ ಮೇಲೆ ಕಣ್ಣಿಗೆ ಕಾಣುವ ಸೇನಾಧಿಪತಿ ಇದ್ದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ. ಗೊಣಗುತ್ತ ಹೊಸಬನನ್ನು ಮಾಡಿದಳು. ಆ ಭಾನುವಾರ ಬಸ್ಸಿನಲ್ಲೇ ನನ್ನ ಸೊಂಟದ ಪಕ್ಕ ಒಂದು ನೋವು ಶುರುವಾಗಿತ್ತು. ಸೀಟಿನ ದೋಷ ಎಂದುಕೊಂಡೆ. ಲ್ಯಾಬು ತಲುಪಿದ ಮೇಲೂ ಹೋಗಲಿಲ್ಲ. ಹೇಳಲಿಲ್ಲ. ನನ್ನ ನೋವು ನನ್ನದು, ಊರಿಗೆಲ್ಲ ಯಾಕೆ? ಅದೂ ಅಲ್ಲದೆ ನಾನು ಗೆಲ್ಲುತ್ತಿದ್ದೆ! ಅವಳ ಸೇನಾಧಿಪತಿ ಕೋಟೆಯ ಕೊನೆಯ ದವಡೆಹಲ್ಲಿನ ಹಿಂದೆ ಸಿಕ್ಕಿಬಿದ್ದಿದ್ದ. ನನ್ನವನೊಬ್ಬ ಹೆಬ್ಬಾಗಿಲಿನ ಎದುರು ನಿಂತಿದ್ದ. ಒಂದು ನಡೆ, ಒಂದು ದಾಳ, ಮುಗಿಯಿತು. ಹಲ್ಲು ಕಚ್ಚಿಕೊಂಡು ಟೇಪು ಹಿಡಿದು ಅಳೆದೆ.

“ಆರು. ಮುಟ್ಟಿತು” ಎಂದೆ.

ಅವಳು ಟೇಪನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಅದು ಎಂಟು ಕಣೆ.”

“ಶುರು ಮಾಡಿದ್ಯಾ ನಿನ್ನ ವರಾತ?”

“ನೀ ಯಾವತ್ತೂ ತಪ್ಪು ಅಳ್ದೋಳಲ್ಲ. ಎಂತ ಆಗ್ತಿದೆ ನಿಂಗೆ?”

“ಏನಿಲ್ಲ. ದಾಳ ಕೊಡು.”

ಅವಳು ದಾಳ ಕೊಡಲಿಲ್ಲ. ದವಡೆಹಲ್ಲಿನ ಹಿಂದಿನಿಂದ ತನ್ನ ಸೇನಾಧಿಪತಿಯನ್ನು ಎತ್ತಿ, ಮೇಜಿನ ಮೇಲೆ ಅಂಗಾತ ಮಲಗಿಸಿದಳು.

“ನಾ ಸೋತೆ. ಏಳು, ಆಸ್ಪತ್ರೆಗೆ ಹೋಪನ.”

ಯಾವ ಮಾತಿಗಾಗಿ ಇಷ್ಟು ವರ್ಷ ಕಾದಿದ್ದೆನೋ ಅದನ್ನು ಇಷ್ಟು ಅಗ್ಗವಾಗಿ ಎಸೆಯುವುದೇ! “ಇನ್ನೂ ದಾಳ ಹಾಕಿಲ್ಲ! ಇದು ಲೆಕ್ಕಕ್ಕಿಲ್ಲ!” ಎಂದು ಕೂಗುತ್ತಲೇ ನಾನು ಬಗ್ಗಿಹೋದೆ. ಕೂಗುತ್ತಲೇ ಆಟೋ ಹತ್ತಿದೆ.

ಸ್ಕೂಟರ್ ಹತ್ತಿದರೆ ಸಾಗರದ ಪೇಟೆಯಲ್ಲಿ ದನಗಳೂ ದಾರಿ ಬಿಡುವಂತೆ ಓಡಿಸುವವಳು ಅವತ್ತು ಆಟೋದವನಿಗೆ, “ಅಣ್ಣಾ, ನಿಧಾನ. ಅರ್ಧ ವೇಗ ಸಾಕು” ಎಂದಳು.

“ಬೇಗ ಹೋಗಿ ಅಣ್ಣಾ!” ಎಂದೆ ನಾನು.

“ಬ್ಯಾಡ ಅಣ್ಣಾ, ಗುಂಡಿಗೆ ಹಾರಿದ್ರೆ ಇವ್ಳಿಗೆ ಜೀವ ಹೋಗುತ್ತೆ.”

“ಇಬ್ರೂ ಸೇರಿ ಒಂದೇ ಹೇಳ್ರಕ್ಕಾ” ಎಂದ ಆಟೋದವನು. ಕೊನೆಗೆ ಅವಳ ಮಾತನ್ನೇ ಕೇಳಿದ. ಒಂದೊಂದು ಗುಂಡಿ ಬಂದಾಗಲೂ ಅವಳು ನನ್ನ ಬೆನ್ನ ಹಿಂದೆ ಕೈ ಕೊಟ್ಟು ಸೀಟಿನಿಂದ ಸ್ವಲ್ಪ ಎತ್ತಿ ಹಿಡಿಯುತ್ತಿದ್ದಳು. ನಾನು ದಾರಿಯುದ್ದಕ್ಕೂ ನಿಯಮಗಳನ್ನು ಒಂದೊಂದಾಗಿ ಹೇಳುತ್ತ, ಅವಳಿಗೆ ಬೈಯುತ್ತ ಹೋದೆ.

ಆಸ್ಪತ್ರೆಯಲ್ಲಿ ಡಾಕ್ಟರು, “ನೋವು ಜಾಸ್ತಿಯಾದಾಗ ಏನು ಮಾಡ್ತಿದ್ರಿ?” ಎಂದು ಕೇಳಿದರು. ನಾನು ಗೌರವದಿಂದ ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಇವಳು, “ಕೋಟೆಗೆ ಮುತ್ತಿಗೆ ಹಾಕಿದ್ಲು ಡಾಕ್ಟ್ರೇ” ಎಂದಳು. ನರ್ಸುಗಳ ನಗು ವಾರ್ಡಿನ ಕೊನೆಯವರೆಗೂ ಹೋಯಿತು. ಯಾರಿಗೂ ಹೇಳದೆ ಇಷ್ಟು ವರ್ಷ ಜೋಪಾನವಾಗಿಟ್ಟ ನನ್ನ ಮರ್ಯಾದೆ ಒಂದೇ ವಾಕ್ಯದಲ್ಲಿ ಹೋಯಿತು! ಮೂತ್ರಪಿಂಡದಲ್ಲಿ ಕಲ್ಲು ಎಂದರು. ಸಣ್ಣದು, ಔಷಧಿಗೆ ಹೋಗುತ್ತದೆ, ಒಂದು ದಿನ ಇಲ್ಲೇ ಇರಲಿ ಎಂದರು. ಎಷ್ಟು ದೊಡ್ಡದು ಎಂದು ಕೇಳಿದೆ. ಐದು ಮಿಲಿಮೀಟರ್ ಎಂದರು. ಡಾಕ್ಟರು ಆಚೆ ಹೋಗುವುದನ್ನೇ ಕಾದಿದ್ದು ಇವಳು, “ಕೇಳಿದ್ಯಾ? ಇಂಚಲ್ಲಿ ಹೇಳ್ಲಿಲ್ಲ” ಎಂದಳು.

ಸೂಜಿ ಚುಚ್ಚಿದ ಮೇಲೆ ನೋವು ಇಳಿಯಿತು. ನನ್ನ ಮಾತು ಇಳಿಯಲಿಲ್ಲ. “ನೀ ಸೋತಿಲ್ಲ” ಎಂದೆ.

“ಸೋತೆ ಅಂದ್ನಲ್ಲೇ!”

“ಇಲ್ಲ. ನನ್ನವನು ಎರಡು ಇಂಚು ಹಿಂದಿದ್ದ. ಮುಟ್ಟೇ ಇರಲಿಲ್ಲ. ನೀ ಸೋತಿಲ್ಲ.”

“ಸೋತಿದೀನಿ ಅಂದ್ರೆ ಸೋತಿದೀನಿ. ಮಲ್ಕೋ ಸುಮ್ನೆ.”

ಜಗಳ ಹೀಗೆ ಮಗುಚಿಕೊಂಡದ್ದು ನನಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ಕಣ್ಣು ಎಳೆಯುತ್ತಿತ್ತು. ಅವಳು ಚೀಲದಿಂದ ಏನನ್ನೋ ತೆಗೆದು ಹಾಸಿಗೆಯ ಪಕ್ಕದ ಗಿಡ್ಡ ಕಪಾಟಿನ ಮೇಲೆ, ಆಚೆ ತುದಿಯಲ್ಲಿ ನಿಲ್ಲಿಸುತ್ತಿದ್ದಳು. ಇಬ್ಬರು ಗುಲಾಬಿ ಸೈನಿಕರು. ನಡುವೆ ತಂತಿಯ ಡೋಲಿ. ಅದರ ಮೇಲೆ ನನ್ನ ಸಂಜೆಯ ಮಾತ್ರೆ. ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ಹಣದ ಚೀಲ ಮರೆತವಳು ಇವರನ್ನು ಮರೆತಿರಲಿಲ್ಲ! ಬೈಯಬೇಕೆಂದುಕೊಂಡೇ ನಿದ್ದೆ ಹೋದೆ.

ಎಚ್ಚರವಾದಾಗ ಕಿಟಕಿಯಲ್ಲಿ ಇಳಿಬಿಸಿಲು. ಅವಳು ಕಾಫಿ ತರಲು ಹೋಗಿದ್ದಾಳೆ ಎಂದಳು ನರ್ಸು. ತಿರುಗಿ ನೋಡಿದೆ. ತುದಿಯಲ್ಲಿದ್ದ ಸೈನಿಕರು ಡೋಲಿ ಹೊತ್ತು ಸ್ವಲ್ಪ ಈಚೆ, ನನ್ನ ಕಡೆಗೆ ಬಂದಿದ್ದರು. ನನಗೆ ಸಂಶಯ. ಇವಳನ್ನು ನಂಬುವುದುಂಟೇ? ಬಾಗಿಲ ಕಡೆ ಒಮ್ಮೆ ನೋಡಿ, ಕೈಚೀಲದಿಂದ ಟೇಪು ತೆಗೆದು, ಕಪಾಟಿನ ತುದಿಯಿಂದ ಅಳೆದೆ. ಭರ್ಜಿಯಿಂದಲ್ಲ, ಪಾದದಿಂದ.

ಮೂರು ಇಂಚು. ಒಂದು ಕೂದಲೆಳೆಯೂ ಹೆಚ್ಚಿಲ್ಲ.