ಮಲಗಲೊಲ್ಲದ ಅಣು

ನಮ್ಮ ಭಾವ ಜನ್ಮದಲ್ಲಿ ಒಂದು ಮೊಳೆಯನ್ನೂ ತುಕ್ಕಿನಿಂದ ಕಾಪಾಡಿದವರಲ್ಲ. ಆದರೆ ತುಕ್ಕು ತಡೆಯುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಯಲಹಂಕದಿಂದ ಯಶವಂತಪುರದವರೆಗೆ ಯಾರಾದರೂ ಇದ್ದರೆ ತೋರಿಸಿ, ನೋಡೋಣ!

ಆಗ ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಮಿಕ್ಕ ಹೊತ್ತೆಲ್ಲ ಪಿಎಚ್.ಡಿ. ನುಗ್ಗೆಸೊಪ್ಪಿನಲ್ಲಿರುವ ಯಾವುದೋ ಅಣು ಕಬ್ಬಿಣದ ಮೇಲೆ ಅಂಟಿ ಕೂತರೆ ಆಮ್ಲ ಆ ಕಬ್ಬಿಣವನ್ನು ತಿನ್ನಲಾರದಂತೆ. ಇದಕ್ಕೆ ಕಬ್ಬಿಣವೂ ಬೇಡ, ನುಗ್ಗೆಯೂ ಬೇಡ. ಎಲ್ಲ ಕಂಪ್ಯೂಟರಿನೊಳಗೇ ಲೆಕ್ಕ! ಅಣು ಸೆಟೆದು ನಿಂತರೆ ನಡುವೆ ಸಂದು, ಮೈಚಾಚಿ ಮಲಗಿದರೆ ಒಳ್ಳೆಯ ಹೊದಿಕೆ. ಇದನ್ನು ನಮಗೆ ತಿಳಿಸಲು ಒಂದು ಬೆಳಗ್ಗೆ ದೋಸೆಯನ್ನು ತಟ್ಟೆಯ ಮೇಲೆ ನಿಲ್ಲಿಸುತ್ತ, ಮಲಗಿಸುತ್ತ ಅರ್ಧ ಗಂಟೆ ಪಾಠ ಮಾಡಿದರು. ದೋಸೆ ತಣ್ಣಗಾಯಿತು, ಅಕ್ಕ ಬಿಸಿಯಾದಳು.

ಬಾಗಲೂರಿನಿಂದ ಮಗಳ ಮನೆಗೆ ಬಂದಿದ್ದ ನಮ್ಮಮ್ಮನಿಗೆ ಮಾತ್ರ ಪಾಠ ಪೂರ್ತಿ ತಲೆಗೆ ಹತ್ತಿತ್ತು. ದಿನಾ ವಿಚಾರಣೆ.

“ಅಳಿಯಂದ್ರೆ, ಮಲಗ್ತಾ?”

“ಇಲ್ಲ ಅತ್ತೆ, ಇನ್ನೂ ನಿಂತೇ ಇದೆ.”

“ಅಟ ಮಾಡ್ತೈತೆ. ಒಟ್ಟೆಗೇನಾದ್ರೂ ಆಕಿ, ತಾನೇ ಮಲಗ್ತೈತೆ.”

“ಅದು ಉಣ್ಣೋದಲ್ಲ ಅತ್ತೆ, ಬಡಿಸೋದು! ಇದು ಎಲೆಕ್ಟ್ರಾನ್ ಬಡಿಸುತ್ತೆ, ಕಬ್ಬಿಣ ಉಣ್ಣುತ್ತೆ.”

“ಅಂಗಾದ್ರೆ ಅದು ಎಂಗ್ಸೇ ಬಿಡಿ. ಎಲ್ಲಾರ್ಗೂ ಬಡ್ಸೋ ಗಂಟ ಎಲ್ಲಿ ಮಲಗ್ತಾಳೆ!”

ಆ ಬೆಳಗುಗಳು ಈಗಲೂ ನನ್ನ ಕಿವಿಯಲ್ಲಿವೆ: ಒಳಗೆ ಕಂಪ್ಯೂಟರಿನ ಗುಂಯ್ ಸದ್ದು, ಬೀದಿಯಲ್ಲಿ ಸೊಪ್ಪಿನವಳ ಕೂಗು, ನಡುವೆ ಅತ್ತೆ-ಅಳಿಯರ ಈ ವಿಜ್ಞಾನಗೋಷ್ಠಿ.

ಕೊನೆಗೆ ಯೂನಿವರ್ಸಿಟಿ ಗಡುವು ಹಾಕಿತು. ಸೋಮವಾರದೊಳಗೆ ಪ್ರಬಂಧ ಕೊಡದಿದ್ದರೆ ಎಂಟು ವರ್ಷದ ನೋಂದಣಿಯೇ ರದ್ದು! ಕೊನೆಯ ಲೆಕ್ಕ ಹಗಲೂ ರಾತ್ರಿ ಓಡತೊಡಗಿತು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಶುಕ್ರವಾರ ನಾನೂ ಭಾವನೂ ಬಸ್ಸಿನಲ್ಲಿ ಬರುತ್ತಿದ್ದೆವು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ಎಂದಿನಂತೆ ಕಲ್ಲಾಗಿ ನಿಂತಾಗ ಭಾವ ಅಕ್ಕನಿಗೆ ಫೋನು ಹಚ್ಚಿದರು.

“ಮಲಗ್ತೇನೇ? ಸ್ವಲ್ಪ ವಾಲಿದ್ಯಾ? ಸದ್ಯ! ಫ್ಯಾನ್ ಹಾಕು, ಮುಟ್ಬೇಡ.”

ಮುಂದಿನ ಸೀಟಿನ ಹೆಂಗಸು ಕರಗಿಹೋಗಿ ತಿರುಗಿದರು. “ಮಗೂಗೆ ಎಷ್ಟು ಸಾರ್?”

ಭಾವನ ತಲೆಯಲ್ಲಿ ಪ್ರಬಂಧ. “ಎಂಟು ವರ್ಷ ತುಂಬ್ತು ಕಣ್ರೀ. ಸೋಮವಾರ ಕೊಟ್ಬಿಡ್ಬೇಕು.”

“ಕೊಟ್ಬಿಡೋದಾ! ಯಾರಿಗ್ರೀ?”

“ಯೂನಿವರ್ಸಿಟಿಗೆ. ತಗೊಂಡ್ರೆ ಸಾಕಾಗಿದೆ!”

ಆಕೆ ತೊಡೆಯ ಮೇಲಿದ್ದ ಕೂಸನ್ನು ಅವಚಿಕೊಂಡು ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು.

ಭಾನುವಾರ ಮಧ್ಯಾಹ್ನ. ಇನ್ನೆರಡು ಗಂಟೆ ಓಡಿದರೆ ಲೆಕ್ಕ ಮುಗಿಯಿತು ಎನ್ನುವಾಗ ಕರೆಂಟು ಹೋಯಿತು. ಮೂಲೆಯ ಯುಪಿಎಸ್ ಕೀಂಯ್ ಎನ್ನುತ್ತ ಕಂಪ್ಯೂಟರನ್ನು ಹೇಗೋ ಹಿಡಿದುಕೊಂಡಿತು. ಅದೇ ಹೊತ್ತಿಗೆ ಅಮ್ಮನ ಹಳೆಯ ಉಬ್ಬಸ ಏರಿತು. ಔಷಧಿಯನ್ನು ಆವಿ ಮಾಡಿ ಕೊಡುವ ಯಂತ್ರಕ್ಕೂ ಕರೆಂಟೇ ಬೇಕು. ಎರಡನ್ನೂ ಎಳೆಯುವ ಶಕ್ತಿ ಆ ಮುದಿ ಬ್ಯಾಟರಿಗೆ ಎಲ್ಲಿಂದ ಬರಬೇಕು? ಅಕ್ಕ ಗಂಡನ ಮುಖ ನೋಡಿದಳು. ಅಷ್ಟರಲ್ಲಿ ಭಾವ ಕಂಪ್ಯೂಟರಿನ ಪ್ಲಗ್ಗು ಕಿತ್ತು, ಯಂತ್ರದ್ದನ್ನು ಸಿಕ್ಕಿಸಿ, ಮಾಸ್ಕನ್ನು ಅಮ್ಮನ ಮೂಗಿಗೆ ಹಿಡಿದಾಗಿತ್ತು.

ಬಹಳ ಹೊತ್ತಿನ ಮೇಲೆ ಉಸಿರು ಹದಕ್ಕೆ ಬಂತು. ಅಮ್ಮ ಮಾಸ್ಕು ಸರಿಸಿ, ಮೆಲ್ಲಗೆ ಕೇಳಿದಳು:

“ಅಳಿಯಂದ್ರೆ... ಮಲಗ್ತಾ?”

ಭಾವ ಕಪ್ಪಾಗಿದ್ದ ಕಂಪ್ಯೂಟರಿನ ತೆರೆಗೆ ಅಡ್ಡವಾಗಿ ನಿಂತರು.

“ಮಲಗ್ತು ಅತ್ತೆ. ಈಗ್ತಾನೆ. ಏನ್ ಚೆನ್ನಾಗ್ ಮಲಗಿದೆ ಅಂತೀರಾ!”