ಮೆಟ್ರೋ ಬರುವ ಊರಿಗೇ ಮಗಳು

ನನಗೆ ಸಿಟ್ಟು ಬಂದಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಈ ರುದ್ರಸ್ವಾಮಿಗೆ ಮಾತಿನಲ್ಲಿ ನಯವಿಲ್ಲ ಎಂದು ಯಾರೂ ಆಡಿಕೊಳ್ಳಬಾರದು. ನಿಮ್ಮ ಮಗಳು ದಿನಾ ಬೆಳಿಗ್ಗೆ ಗೆಟ್ಟವಾಡಿಯ ಬಸ್ ಸ್ಟಾಪಿನಲ್ಲಿ ನಿಂತು, ಬರುತ್ತದೋ ಇಲ್ಲವೋ ಎಂದು ದೇವರಿಗೂ ಗೊತ್ತಿಲ್ಲದ ಬಸ್ಸಿಗಾಗಿ ಕತ್ತು ಉದ್ದ ಮಾಡಿಕೊಂಡು ಕಾದು, ಬಂದರೆ ಒಂದೇ ಕಾಲಿನಲ್ಲಿ ನೇತಾಡಿಕೊಂಡು ಚಾಮರಾಜನಗರದ ಶಾಲೆಗೆ ಪಾಠ ಹೇಳಲು ಹೋಗುವುದನ್ನು ನೀವು ನೋಡಿದ್ದರೆ ನಿಮ್ಮ ನಯವೂ ಎಂದೋ ಹಾರಿಹೋಗಿರುತ್ತಿತ್ತು.

ನಮ್ಮದು ತಾಳವಾಡಿ ಬೆಟ್ಟ. ಆಡುವ ಮಾತು ಕನ್ನಡ, ಆಳುವ ಸರ್ಕಾರ ತಮಿಳುನಾಡು. ಎರಡು ರಾಜ್ಯದ ಬಸ್ಸೂ ಬರುತ್ತದಲ್ಲ ಎಂದು ಹೊರಗಿನವರಿಗೆ ಹೊಟ್ಟೆಕಿಚ್ಚು. ಎರಡೂ ಸೇರಿಕೊಂಡು ಕೈಕೊಡುತ್ತವೆ ಎಂಬುದು ಒಳಗಿರುವ ನಮಗೆ ಮಾತ್ರ ಗೊತ್ತು. ಅತ್ತ ಸತ್ಯಮಂಗಲಕ್ಕೆ ಇಳಿಯೋಣವೆಂದರೆ ದಿಂಬಂ ಘಾಟಿ, ಕಬ್ಬಿನ ಲಾರಿಗೆ ಕಾದು ನಿಂತ ಆನೆ, ಕತ್ತಲಾದರೆ ಗೇಟು ಬಂದ್. ಬೆಟ್ಟದ ಮೇಲೆ ಚಾಮರಾಜನಗರದಿಂದ ಮೆಟ್ಟುಪಾಳ್ಯಕ್ಕೆ ರೈಲು ಬರುತ್ತದೆ ಎಂಬ ಮಾತನ್ನು ನನ್ನ ತಾತ ಕೇಳಿ ನಂಬಿದರು, ಅಪ್ಪ ಕೇಳಿ ನಕ್ಕರು, ನಾನು ಕೇಳಿ ಹಲ್ಲು ಕಡಿಯುತ್ತಿದ್ದೇನೆ.

ಆದಕಾರಣ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಮಗಳು ಪದ್ಮಶ್ರೀಯನ್ನು ಮೆಟ್ರೋ ಇರುವ ಊರಿಗೇ ಕೊಡುವುದು, ಅದು ಕೂಡಿಬರದಿದ್ದರೆ ಮೆಟ್ರೋ ಬರುವ ಊರಿಗೆ. ಇರುವ ಊರುಗಳಿಂದ ಯಾರೂ ನಮ್ಮನ್ನು ಕೇಳಿಕೊಂಡು ಬರಲಿಲ್ಲ (ಬೆಟ್ಟದ ಬೀಗರೆಂದರೆ ಅವರಿಗೆ ಆನೆ ಕನಸಿಗೆ ಬರುತ್ತದಂತೆ). ಬರುವ ಊರುಗಳಿಂದ ಎರಡು ಸಂಬಂಧ ಬಂದವು. ಒಂದು ಕೊಯಮತ್ತೂರಿನ ಗುರುಮೂರ್ತಿಗಳ ಮಗ, ಇನ್ನೊಂದು ಮೈಸೂರಿನ ವೃಷಭೇಂದ್ರಪ್ಪನವರ ಮಗ. ಇಬ್ಬರೂ ನಮ್ಮವರೇ, ಇಬ್ಬರು ಹುಡುಗರಿಗೂ ಕೆಲಸವಿತ್ತು, ತಲೆಯಲ್ಲಿ ಕೂದಲೂ ಇತ್ತು. ಇನ್ನು ಉಳಿದದ್ದು ಊರುಗಳ ಯೋಗ್ಯತೆಯನ್ನು ತೂಗಿ ನೋಡುವುದು.

ನಾನು ಮೊಬೈಲು ಹಿಡಿದು ಕೂತೆ. ಎರಡು ಊರುಗಳ ಮುಂದಿನ ಯೋಜನೆಗಳ ವಿಡಿಯೋಗಳನ್ನು ಕಣ್ಣು ಉರಿಯುವವರೆಗೆ ನೋಡಿದೆ. ಬಣ್ಣಬಣ್ಣದ ಗೆರೆಗಳು, ಗಾಜಿನ ನಿಲ್ದಾಣಗಳು, ಒಬ್ಬರನ್ನೊಬ್ಬರು ತಳ್ಳದೆ ರೈಲು ಹತ್ತುವ ಬೊಂಬೆ ಜನ. ನನ್ನ ಮಗಳು ಆ ಬೊಂಬೆಗಳ ನಡುವೆ ಸೀಟಿನಲ್ಲಿ ಕೂತು ಹೋಗುವುದನ್ನು ನೆನೆದು ಅದೇ ವಿಡಿಯೋವನ್ನು ಮತ್ತೆ ಹಾಕಿದೆ. ನನ್ನ ಹೆಂಡತಿ ಚನ್ನಮಲ್ಲಮ್ಮನಿಗೆ ಇಂಥ ದೂರದೃಷ್ಟಿ ಇಲ್ಲ.

"ಗಂಡು ಎಂಗವ್ನೆ ಅಂತ ಒಂದ್ಸಲನಾರ ಕೇಳುದ್ರಾ? ಯಾವಾಗ್ಲೂ ರೈಲು, ರೈಲು! ಮದ್ವೆ ಮಗ್ಳಿಗೋ, ನಿಮ್ಗೋ?"

"ಗಂಡು ಸರಿ ಇಲ್ದಿದ್ರೆ ಬೈದು ಸರಿ ಮಾಡ್ಬೋದು ಕಣೇ. ಊರು ಸರಿ ಇಲ್ದಿದ್ರೆ ಯಾರ್ನ ಬೈತೀಯಾ?"

"ಮೂವತ್ ವರ್ಸದಿಂದ ನಿಮ್ಮ ಬೈತಾ ಇವ್ನಿ, ಏನ್ ಸರಿಯಾದ್ರಿ?" ಎಂದು ಅವಳು ಒಲೆಯ ಕಡೆ ತಿರುಗಿದಳು. ಹೆಂಗಸರಿಗೆ ಸಾರಿಗೆ ವಿಚಾರ ತಿಳಿಯುವುದಿಲ್ಲ.

ಈಗ ನಾನು ಮಾಡಿದ ಜಾಣತನವನ್ನು ಕೇಳಿ. ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಬೇಕಾದ ಜೋಡಿಯನ್ನು ಹೊಗಳುವುದಿಲ್ಲ. ಅದರ ಮುಂದೆಯೇ ನಿಂತು ಪಕ್ಕದವನ ಜೋಡಿಯನ್ನು ಹೊಗಳುತ್ತೇವೆ, ಮಾರುವವನು ತಾನಾಗಿ ಮೆತ್ತಗಾಗುತ್ತಾನೆ. ನಮ್ಮಪ್ಪ ಹೀಗೇ ಎತ್ತು ಕೊಂಡರು, ನಾನೂ ಹೀಗೇ ಕೊಂಡಿದ್ದೇನೆ. ಬೀಗರ ವಿಷಯದಲ್ಲೂ ಅದೇ ವರಸೆ ಹಿಡಿದೆ. ಗುರುಮೂರ್ತಿಗಳಿಗೆ ಫೋನು ಮಾಡಿದಾಗಲೆಲ್ಲ ಮೈಸೂರನ್ನು ಆಕಾಶಕ್ಕೆ ಏರಿಸಿದೆ. ವೃಷಭೇಂದ್ರಪ್ಪನವರು ಸಿಕ್ಕಾಗಲೆಲ್ಲ ಕೊಯಮತ್ತೂರಿನ ಗುಣಗಾನ ಮಾಡಿದೆ. ಇಬ್ಬರೂ ಫೋನಿನಲ್ಲಿ "ಹೌದಾ? ಹೌದಾ?" ಎಂದು ಮೆತ್ತಗಾಗುತ್ತಿದ್ದರು.

ಹೆಣ್ಣು ನೋಡಲು ಕೊಯಮತ್ತೂರಿನವರಿಗೆ ಬೆಳಿಗ್ಗೆ ಬರಹೇಳಿದೆ, ಮೈಸೂರಿನವರಿಗೆ ಸಂಜೆಗೆ. ಒಬ್ಬರ ನೆರಳು ಒಬ್ಬರ ಮೇಲೆ ಬೀಳಬಾರದು ನೋಡಿ. ಆದರೆ ದಿಂಬಂ ಘಾಟಿಯ ಆನೆಗೆ ನನ್ನ ಏರ್ಪಾಡು ಯಾರು ಹೇಳಬೇಕು? ಅದು ಬಸ್ಸಿಗೆ ಅಡ್ಡ ನಿಂತಿತು. ಬೆಳಿಗ್ಗೆ ಬರಬೇಕಾದ ಗುರುಮೂರ್ತಿಗಳು ಹೆಂಡತಿ, ಮಗನೊಂದಿಗೆ ಕಾಲೆಳೆದುಕೊಂಡು ನಮ್ಮ ಅಂಗಳಕ್ಕೆ ಬರುವುದಕ್ಕೂ, ವೃಷಭೇಂದ್ರಪ್ಪನವರ ವ್ಯಾನು ಬಂದು ನಿಲ್ಲುವುದಕ್ಕೂ ಸರಿಹೋಯಿತು. ನನಗೆ ಆನೆಯ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಅರಣ್ಯ ಇಲಾಖೆಯವರು ಮನೆಗೆ ಬಂದಾರು.

ಒಂದೇ ಜಮಖಾನೆಯ ಎರಡು ತುದಿಗೆ ಎರಡು ಕಡೆಯವರನ್ನೂ ಕೂರಿಸಿದೆ. ಗಂಡುಗಳಿಬ್ಬರೂ ಮೊಬೈಲು ತೆಗೆದರು. ಪದ್ಮಶ್ರೀ ಕಾಫಿ ತಂದಳು. ಅವಳ ಮುಖವನ್ನು ಯಾರೂ ನೋಡಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಮಹಾಯುದ್ಧ ಶುರುವಾಗಿತ್ತು.

"ನಮ್ಮ ಕೋವೈಲಿ ಅವಿನಾಶಿ ರೋಡಿಗೊಂದು ಲೈನು, ಸತ್ಯಮಂಗಲ ರೋಡಿಗೊಂದು ಲೈನು. ತಿಟ್ಟಂ ಎಲ್ಲಾ ರೆಡಿ" ಎಂದರು ಗುರುಮೂರ್ತಿ. ಕೊಯಮತ್ತೂರಿಗೆ ಕೋವೈ, ಯೋಜನೆಗೆ ತಿಟ್ಟಂ ಎಂದು ಅವರ ಬಾಯಲ್ಲಿ ತಮಿಳೇ ಬರುತ್ತದೆ.

"ಆ ತಿಟ್ಟಂ ದಿಲ್ಲಿಗೆ ಹೋಗಿ ವಾಪಸ್ ಬಂತಂತಲ್ಲ ಸ್ವಾಮಿ!" ಎಂದರು ವೃಷಭೇಂದ್ರಪ್ಪ.

"ವಾಪಸ್ ಬರಾಕೆ ಮೊದ್ಲು ಓಗ್ಬೇಕಲ್ಲ? ನಿಮ್ದು ಓಗೇ ಇಲ್ಲ."

"ನಮಗೆ ಚೆನ್ನೈಯಿಂದ ನೇರ ಬುಲೆಟ್ ರೈಲು ಬರ್ತದೆ. ನಿಮ್ಮ ಮೆಟ್ರೋ ಯಾವ ಲೆಕ್ಕ!"

"ಬುಲೆಟ್ಟು ಇಳ್ದು ಮನೆಗೆ ಎಂಗೋಗ್ತೀರಿ? ಟಾಂಗಾಲಾ?"

ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಎರಡು ಜೋಡಿಯೂ ಒಟ್ಟಿಗೆ ಬಾಯಿ ತೆರೆದು ಹಲ್ಲು ತೋರಿಸುವ ಭಾಗ್ಯ ಯಾವ ಸಂತೆಯಲ್ಲಿ ಸಿಗುತ್ತದೆ? ಅಷ್ಟರಲ್ಲಿ ವೃಷಭೇಂದ್ರಪ್ಪ, "ಆದರೂ ಕೊಯಮತ್ತೂರೇ ವಾಸಿ ಅಂತ ರುದ್ರಸ್ವಾಮಿಗಳು ದಿನಾ ಫೋನಲ್ಲಿ ಹೇಳ್ತಿದ್ರು" ಎಂದುಬಿಟ್ಟರು.

"ಅಯ್ಯೋ, ನಂಗೆ ಮೈಸೂರೇ ವಾಸಿ ಅಂತ ಏಳ್ತಿದ್ರು!"

ಇಬ್ಬರೂ ಏಕಕಾಲಕ್ಕೆ ನನ್ನ ಕಡೆ ತಿರುಗಿದರು. ಗುರುಮೂರ್ತಿಗಳು ಲೋಟ ಕೆಳಗಿಟ್ಟರು. "ಅದಿರ್ಲಿ ರುದ್ರಸ್ವಾಮಿಗಳೇ, ನಿಮ್ಮೂರಿಗೆ ಏನ್ ತಿಟ್ಟಂ? ಮದ್ವೆಯಾದ ವರ್ಸ ಅಳಿಯ ಅಬ್ಬ ಅಬ್ಬಕ್ಕೂ ಮಾವನ್ ಮನೆಗೆ ಬರ್ಬೇಕು. ಪ್ರತಿಸಲನೂ ಇಂಗೇ ಆನೆ ಮುಖ ನೋಡ್ಕಂಡು ಬರ್ಬೇಕಾ?"

ಎಲ್ಲರ ಊರನ್ನೂ ಅಳೆದ ನಾನು ನನ್ನ ಊರಿಗೆ ಕೋಲು ಹಿಡಿದಿರಲಿಲ್ಲ. ಒಳಗಿನಿಂದ ನನ್ನ ಧರ್ಮಪತ್ನಿ ಉತ್ತರ ಕೊಟ್ಟಳು. "ನಮ್ಮೂರ್ಗೆ ನಡ್ಕಂಡ್ ಬರಾ ತಿಟ್ಟಂ ಕಣಣ್ಣ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹೆಂಡತಿಯ ಮೇಲೆ ಬಂದ ಸಿಟ್ಟಿಗೆ ಗಡಿಯಾರ ನೋಡುವುದನ್ನೂ ಮರೆತೆ. ಸತ್ಯಮಂಗಲಕ್ಕೆ ಇಳಿಯುವ ಕೊನೆಯ ಬಸ್ಸು ಅಷ್ಟು ಹೊತ್ತಿಗೆ ಹೋಗಿಯಾಗಿತ್ತು. (ಆ ದಿನ ಮಾತ್ರ ಅದು ಸರಿಯಾದ ಸಮಯಕ್ಕೆ ಬಂದಿತ್ತು. ಬೇಕೆಂದೇ ಬಂದಿತ್ತು.) ಗುರುಮೂರ್ತಿಗಳ ಹೆಂಡತಿ ಕಣ್ಣೀರು ಹಾಕಲು ಸಿದ್ಧರಾದರು.

"ನಮ್ಮ ವ್ಯಾನಲ್ಲಿ ಜಾಗ ಇದೆ, ಮೈಸೂರಿಗೆ ಬಂದುಬಿಡಿ. ನಮ್ಮನೇಲಿ ಉಳಿದು ನಾಳೆ ಹೋಗೋರಂತೆ" ಎಂದರು ವೃಷಭೇಂದ್ರಪ್ಪ. ಎಂಥ ದೊಡ್ಡ ಮನಸ್ಸು ಎಂದುಕೊಂಡು ನಾನೇ ಮುಂದೆ ನಿಂತು ಹತ್ತಿಸಿದೆ. ಬಾಗಿಲನ್ನೂ ನಾನೇ ಹಾಕಿದೆ.

ವಾರ ಕಳೆಯುವುದರೊಳಗೆ ಗುರುಮೂರ್ತಿಗಳ ಫೋನು ಬಂತು. ದನಿಯಲ್ಲಿ ಜೇನು ಸುರಿಯುತ್ತಿತ್ತು. ವೃಷಭೇಂದ್ರಪ್ಪನವರಿಗೆ ಪೂಜ ಎಂಬ ಮಗಳಿದ್ದಾಳಂತೆ. ಹುಡುಗಿ ಇವರ ಮಗನಿಗೆ ಒಪ್ಪಿಗೆಯಾದಳಂತೆ. ವೃಷಭೇಂದ್ರಪ್ಪನವರ ಹುಡುಗನಿಗೂ ಗುರುಮೂರ್ತಿಗಳ ತಂಗಿಯ ಮಗಳೇ ಗೊತ್ತಾದಳಂತೆ. "ನೀವು ಎರಡೂರ್ನೂ ಅಷ್ಟು ಒಗಳಿರ್ಲಿಲ್ಲ ಅಂದ್ರೆ ನಮ್ಗೆ ಧೈರ್ಯವೇ ಬರ್ತಿರ್ಲಿಲ್ಲ. ಮದ್ವೇಲಿ ಮೊದಲ್ನೇ ತಾಂಬೂಲ ನಿಮ್ಗೇ!"

ಆ ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಹಲ್ಲುಮುಡಿ ಕಚ್ಚಿ ಜೇಬಿಗೆ ಹಾಕಿಕೊಂಡೆ. ಎರಡು ಜೋಡಿಯನ್ನೂ ಕೂಡಿಸಿ ಹೊಡೆದುಕೊಟ್ಟು ನಾನು ಖಾಲಿ ಹಗ್ಗ ಹಿಡಿದು ನಿಂತಿದ್ದೆ. ನನ್ನ ಮಗಳ ಗತಿ ಏನು ಎಂದು ಎದೆ ಬಡಿದುಕೊಳ್ಳುವಾಗ ಚನ್ನಮಲ್ಲಮ್ಮ ತಣ್ಣಗೆ ಬಾಯಿ ಬಿಟ್ಟಳು.

"ತಿಗನಾರೆ ರಾಜಶೇಖರ ಅಂತ. ಸ್ವಂತ ಗೂಡ್ಸ್ ಗಾಡಿ ಮಡಗವ್ನೆ. ದಿನಾ ಟೊಮೇಟೊ ತಕ್ಕಂಡು ಚಾಮರಾಜನಗರಕ್ಕೆ ಓಗ್ತಾನೆ. ಬಸ್ ಬರ್ದೆ ಓದ್ರೆ ಸ್ಟಾಪಲ್ಲಿರೋರ್ನೆಲ್ಲಾ ಅತ್ತಿಸ್ಕತಾನೆ. ನಮ್ಮ ಪದ್ಮುನೂವೆ."

"ಎಷ್ಟು ದಿನದಿಂದ?"

"ಬಸ್ಸು ಕೈಕೊಡಾಕ್ ಸುರು ಮಾಡ್ದಾಗಿಂದ."

ಪದ್ಮಶ್ರೀ ಬಾಗಿಲ ಮರೆಯಿಂದ ಈಚೆ ಬಂದಳು. "ಅಪ್ಪ, ಬಸ್ಸ ಬೈಬ್ಯಾಡ. ಅದು ನೆಟ್ಗೆ ಬಂದಿದ್ರೆ ನಂಗೆ ಅವ್ರು ಸಿಕ್ತಾನೇ ಇರ್ಲಿಲ್ಲ. ಆವತ್ತು ನೀನು ಎರಡೂರ್ನೂ ಕೇಳ್ದೆ, ನನ್ನ ಕೇಳ್ಲಿಲ್ಲ."

ನಾನು ಕೂಗಾಡಿದೆ. ತಿಗನಾರೆ! ಹಂದಿ, ಆನೆ ಬೆಳೆ ತಿನ್ನುವ ಊರು! ಅದರ ಮುಂದೆ ನಮ್ಮ ಗೆಟ್ಟವಾಡಿ ಜಂಕ್ಷನ್ನು! ಎರಡು ದಿನ ಊಟ ಬಿಟ್ಟೆ (ಹೆಂಡತಿ ಎರಡು ದಿನವೂ ಬಡಿಸಲಿಲ್ಲ, ಅದೂ ಒಂದು ಕಾರಣ). ಕೊನೆಗೆ ಒಪ್ಪಲು ಅಲ್ಲ, ಏನಾದರೊಂದು ಕೊರತೆ ಹಿಡಿದು ಸಂಬಂಧ ಮುರಿಯಲು ಅವರ ಮನೆ ನೋಡಲು ಹೊರಟೆ.

ಕರೆದುಕೊಂಡು ಹೋಗಲು ಆ ಗೂಡ್ಸ್ ಗಾಡಿಯೇ ಬಂತು. ಮುಂದೆ ರಾಜಶೇಖರನ ಪಕ್ಕ ಒಂದೇ ಸೀಟು, ಅದರಲ್ಲಿ ಚನ್ನಮಲ್ಲಮ್ಮ ಮಹಾರಾಣಿಯಂತೆ ಕೂತಳು. ಜರಿ ಶಲ್ಯ ಹೊದ್ದ ನಾನು ಹಿಂದೆ, ಖಾಲಿ ಕ್ರೇಟುಗಳ ನಡುವೆ, ಹಣ್ಣಿನ ತಟ್ಟೆ ಹಿಡಿದುಕೊಂಡು ನಿಂತೆ. ತಾಳವಾಡಿಯ ಸ್ಟಾಪಿನಲ್ಲಿ ಜನ ಕೈ ಅಡ್ಡ ಹಾಕಿದರು. ಅಭ್ಯಾಸಬಲದಿಂದ ಅವನು ನಿಲ್ಲಿಸಿಯೇಬಿಟ್ಟ. ಮೂಟೆ, ಕೊಡ, ಕೋಳಿ ಸಮೇತ ಎಲ್ಲರೂ ಹತ್ತಿದರು. ಒಬ್ಬ ಅಜ್ಜಿ ಮೊಣಕೈಯಲ್ಲಿ ನನ್ನ ಪಕ್ಕೆಗೆ ತಿವಿದಳು.

"ಒಸಿ ಅತ್ಲಾಗ್ ಸರ್ಕಳಪ್ಪ. ಎಲ್ರೂ ನಿಂತ್ಕಬೇಕಲ್ಲಾ?"

"ನಾನ್ ಸರ್ಕಳಲ್ಲ! ಇದೇನ್ ನಿಮ್ಮ ಬಸ್ ಅನ್ಕಂಡಿದ್ದೀರಾ?"

"ಮತ್ತೆ ನಿಂದಾ?"

ಅಷ್ಟು ದಿನದ ಸಿಟ್ಟು ಒಟ್ಟಿಗೆ ನೆತ್ತಿಗೇರಿತು. "ನನ್ನ ಅಳೀಂದು ಕಣಮ್ಮೋ! ನನ್ನ ಅಳೀನ ಗಾಡಿ ಇದು! ತಿಳ್ಕಂಡು ಮಾತಾಡು!"

ಗಾಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು, ಕೋಳಿಯೂ ತಿರುಗಿತು. ಮುಂದಿನ ಕಿಟಕಿಯಿಂದ ನನ್ನ ಹೆಂಡತಿಯ ತಲೆ ಹೊರಗೆ ಬಂತು, ಮತ್ತೆ ಒಳಗೆ ತಿರುಗಿತು.

"ಕೇಳುಸ್ಕಂಡಾ ರಾಜಶೇಖರ? ನಿಮ್ಮಾವ ಒಪ್ಕಂಡ್ರು. ನಡಿ ಇನ್ನ."

ಹಾಗಲ್ಲ, ಹಾಗಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಗಾಡಿ ಹೊರಟಿತು, ಬಾಯಿತುಂಬ ತಿಗನಾರೆ ದಾರಿಯ ಧೂಳು ತುಂಬಿಕೊಂಡಿತು.